ಎರಡನೇ ಸಲ ಕೇಳದವಳು

ಬನಹಟ್ಟಿಯ ಆ ನೇಕಾರರ ಓಣಿಯಲ್ಲಿ ಒಂದು ಕಟ್ಟಳೆಯಿತ್ತು: ಉದ್ದೆಳೆಗಳ ಹಾಸು ಮಗ್ಗಕ್ಕೆ ಏರಿದ ಮೇಲೆ ಎಳೆ ಎಣಿಸಬಾರದು. ಏರಿಸುವ ಮೊದಲು ಎಷ್ಟು ಸಲವಾದರೂ ಎಣಿಸು. ಏರಿದ ಮೇಲೆ ಎಣಿಸಿದರೆ ಬೆರಳು ತಾಗಿ ಎಳೆ ಹರಿಯುತ್ತದೆ, ಎಣಿಸಿದವರ ಕೈಗುಣವೂ ಹೋಗುತ್ತದೆ. ಗುರುಬಸವ್ವ ಇದನ್ನು ಅತ್ತೆಯಿಂದ ಏಟು ತಿಂದು ಕಲಿತಿದ್ದಳು. ಹಾಗೆ ಕಲಿತದ್ದು ಸಾಯುವ ತನಕ ಮರೆಯುವುದಿಲ್ಲ.

ಗಂಡ ಸತ್ತ ಮರುವರ್ಷ ಅವಳು ಮಗಳೊಂದಿಗೆ ಕ್ರಿಸ್ತನ ಮತಕ್ಕೆ ಸೇರಿದಳು. ಓಣಿಯವರು ಬೆಂಕಿ ನೀರು ಎರಡನ್ನೂ ಬಂದ್ ಮಾಡಿದರು. ಮೈದುನ ಈರಪ್ಪ ಮನೆಯ ನಡುವೆ ಗೋಡೆ ಎಬ್ಬಿಸಿದ. ತಿಂಗಳಿಗೊಮ್ಮೆ ಗಾಡಿಯಲ್ಲಿ ಬರುತ್ತಿದ್ದ ಉಪದೇಶಿ ಸಾಮುವೇಲಪ್ಪನೊಬ್ಬನೇ ಅವಳ ಬಳಗ. ಮನುಷ್ಯ ಒಳ್ಳೆಯವನೇ, ಆದರೆ ಅವಸರದವನು. ಹೊತ್ತು ಮುಳುಗುವುದರೊಳಗೆ ಇನ್ನೆರಡು ಊರು ಮುಟ್ಟಬೇಕಲ್ಲ, ಅರ್ಧ ಹೇಳಿ ಎದ್ದುಬಿಡುತ್ತಿದ್ದ. "ಬೇಡಿದ್ದು ಸಿಕ್ಕೇ ಬಿಟ್ಟೈತಿ ಅಂತ ನಂಬವ್ವಾ. ಸಂಶೆ ಮಾಡಬ್ಯಾಡ," ಎಂದು ಒಮ್ಮೆ ಹೇಳಿ ಹೋದ. ಗುರುಬಸವ್ವ ಅದನ್ನು ಮಗ್ಗದ ರೀತಿಯಲ್ಲೇ ತಿಳಿದುಕೊಂಡಳು. ಒಮ್ಮೆ ಬೇಡಿದರೆ ಹಾಸು ಏರಿದಂತೆ, ಮತ್ತೆ ಬೇಡಿದರೆ ಮತ್ತೆ ಎಣಿಸಿದಂತೆ.

ಸಾವಿರದೊಂಬೈನೂರ ಹದಿನೆಂಟನೇ ಇಸವಿಯ ಆ ಹಾಳು ಜ್ವರ ಮನೆಮನೆ ಹೊಕ್ಕಾಗ ಇವರ ಮನೆಗೂ ಬಂತು. ಮಗಳು ಮುದಕವ್ವನಿಗೆ ಆಗ ಒಂಬತ್ತು ವರ್ಷ. ಮೈ ಸುಟ್ಟ ಮೊದಲ ದಿನವೇ ತಾಯಿ ಮಗ್ಗದ ಕೆಳಗೆ ಕಾಲಿಳಿಸುವ ಕುಣಿಯ ಪಕ್ಕ ಮೊಣಕಾಲೂರಿ, ಮಗಳನ್ನು ಉಳಿಸೆಂದು ಬೇಡಿ, ಆಮೆನ್ ಎಂದು ಎದ್ದು ಲಾಳಿ ಹಿಡಿದಳು.

ಮೂರನೇ ದಿನ ಹುಡುಗಿಗೆ ಮೇಲುಸಿರು ಹತ್ತಿತು.

"ಅವ್ವಾ, ದೇವರಿಗೆ ಇನ್ನೊಮ್ಮಿ ಕೇಳಬೇ."

"ಕೇಳೇನಿ. ಆತಲ್ಲ."

"ಅಂವಗ ಕೇಳಿಸಿಲ್ಲ ಬೇ. ಜೋರಲೆ ಕೇಳು."

ಗುರುಬಸವ್ವನ ಮೊಣಕಾಲು ಬೇಡಲೆಂದು ತಾವಾಗಿಯೇ ಮಡಚಿಕೊಂಡವು. ಅವಳು ಕಂಬ ಹಿಡಿದು ನೆಟ್ಟಗೆ ನಿಂತಳು. ಈಗ ಬಾಯಿ ತೆರೆದರೆ ನಂಬಿಕೆ ಹರಿಯುತ್ತದೆ, ನಂಬಿಕೆ ಹರಿದರೆ ಮಗಳು ಹೋಗುತ್ತಾಳೆ ಎಂದು ತುಟಿ ಕಚ್ಚಿಕೊಂಡಳು. ಮುದಕವ್ವ ಮಧ್ಯಾಹ್ನದ ತನಕ ಅದೊಂದನ್ನೇ ಕೇಳಿದಳು, ಆಮೇಲೆ ಅತ್ತಳು, ಆಮೇಲೆ ಗೋಡೆ ಕಡೆ ಮುಖ ಮಾಡಿದಳು. ತಾಯಿಯ ಮೇಲಿನ ಸಿಟ್ಟಿನಲ್ಲೇ ಕೂಸು ಸತ್ತಿತು. ಇದನ್ನು ಇದಕ್ಕಿಂತ ಮೆತ್ತಗೆ ಹೇಳಲು ಬರುವುದಿಲ್ಲ.

ಹೂಳಲು ಊರವರು ಜಾಗ ಕೊಡಲಿಲ್ಲ. ಗುರುಬಸವ್ವ ಹೆಣವನ್ನು ತಾನೇ ಹೊತ್ತು ಹಳ್ಳದ ದಂಡೆಗೆ ಒಯ್ದಳು.

ಹನ್ನೆರಡು ದಿನ ಬಿಟ್ಟು ಸಾಮುವೇಲಪ್ಪ ಬಂದ. ಸಮಾಧಾನ ಹೇಳಬೇಕೆಂದು, ನ್ಯಾಯ ಸಿಗುವ ತನಕ ನ್ಯಾಯಾಧೀಶನ ಬೆನ್ನು ಬಿಡದ ವಿಧವೆಯ ಕಥೆಯನ್ನು ಬೈಬಲಿನಿಂದ ಓದಿದ. ಓದಿ, "ಹಂಗ ಬಿಡದ ಕೇಳಬೇಕವ್ವಾ. ಕೇಳಿದಷ್ಟೂ ದೇವರಿಗೆ ಸಂತೋಷ," ಅಂದ.

ಗುರುಬಸವ್ವ ಅವನ ಮುಖವನ್ನೇ ನೋಡಿದಳು. "ಇದನ್ನ ಆವಾಗ್ಯಾಕ ಹೇಳಲಿಲ್ರಿ?"

ಅವಳು ಯಾವ ಮಾತು ಕೇಳುತ್ತಿದ್ದಾಳೆಂದು ಅವನಿಗೆ ತಿಳಿಯಲಿಲ್ಲ. ಹೊತ್ತಾಯಿತೆಂದು ಗಾಡಿ ಹೂಡಿಸಿದ.

ಅವಳು ಇನ್ನೂ ಮೂವತ್ತು ವರ್ಷ ಬದುಕಿದಳು. ರಾಜರ ಸಂಸ್ಥಾನ ಹೋಗಿ ಊರು ಸ್ವತಂತ್ರ ದೇಶಕ್ಕೆ ಸೇರಿದ ವರ್ಷ ಸತ್ತಳು. ಅಲ್ಲಿಯ ತನಕ ಒಂದು ಮುಂಜಾನೆಯನ್ನೂ ತಪ್ಪಿಸದೆ ಕುಣಿಯ ಪಕ್ಕ ಮೊಣಕಾಲೂರಿ, ಮುದಕವ್ವನ ಜ್ವರ ಇಳಿಸಪ್ಪಾ ಎಂದು ಬೇಡಿದಳು. ಈರಪ್ಪನ ಮನೆಯವರು ಗೋಡೆಯಾಚೆಯಿಂದ ನಗುತ್ತಿದ್ದರು. ಅವಳು ಜೋರಾಗಿಯೇ ಬೇಡುತ್ತಿದ್ದಳು, ಹುಡುಗಿ ಹೇಳಿದ ಹಾಗೆ.