ಗೋಡಿನಡಿಯ ಹೆಜ್ಜೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ಎಡ-ಬಲ ಎಂದು ಕೂಗಿ ಗಂಟಲು ಹರಿದುಕೊಳ್ಳುವುದು ಬಿಟ್ಟರೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಜಂಬಕ್ಕೇನೂ ಕಮ್ಮಿ ಇರಲಿಲ್ಲ. ಅದನ್ನು ಇಳಿಸಿದವರು ಹಳೇ ಗರಡಿಯ ವಸ್ತಾದರು. ನಾನು ಗರಡಿ ಸೇರಿದ ದಿನವೇ ಎಡಗೈಗೆ ನೀರು ತುಂಬಿದ ತಂಬಿಗೆ ಕೊಟ್ಟು, ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಒಂದು ಮಂಡಿಯೂರಿ ಕೂತು ಏಳಲು ಹೇಳಿದರು. ಹನಿ ಚೆಲ್ಲಬಾರದಂತೆ. ನಾನು ಒದ್ದೆಯಾದೆ.

ವಸ್ತಾದರಿಗೆ ಆಗ ಎಪ್ಪತ್ತು ದಾಟಿತ್ತು. ತಾತನಿಂದ ಕತ್ತಿ-ಗುರಾಣಿಯ ವರಸೆ ಕಲಿತಿದ್ದರು. ಹನ್ನೆರಡು ಹೆಜ್ಜೆಗಳಲ್ಲಿ ಹನ್ನೊಂದು ಬರುತ್ತಿತ್ತು.

"ಕೊನೇದನ್ನ ಬಚ್ಚಿಟ್ಕಂಡು ಸತ್ತ ಕಣ್ರೀ ಮೇಷ್ಟ್ರೇ ನಮ್ ತಾತ. ನನ್ ಮ್ಯಾಲೆ ನಂಬ್ಕೆ ಇರ್ಲಿಲ್ಲ ಅವನ್ಗೆ."

ಗುರುವಾದವನು ಒಂದು ಪಟ್ಟನ್ನು ತನ್ನಲ್ಲೇ ಉಳಿಸಿಕೊಳ್ಳುತ್ತಾನೆ ಎಂಬ ಮಾತನ್ನು ಗರಡಿಗಳಲ್ಲಿ ನಗುತ್ತ ಹೇಳುವುದುಂಟು. ಇವರು ನಗುತ್ತಿರಲಿಲ್ಲ. ಐವತ್ತು ವರ್ಷ ಆ ನೋವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಸಾಯುವ ಮೊದಲು ಆ ಹೆಜ್ಜೆ ನೋಡಬೇಕು ಎಂಬುದೊಂದೇ ಅವರ ಆಸೆ.

ಹುಡುಕಿಕೊಡುತ್ತೇನೆ ಎಂದು ಬಾಯಿ ಬಿಟ್ಟೆ. ಗರಡಿಯ ಗೂಡಿನಲ್ಲಿ, ಆಂಜನೇಯನ ಪಟದ ಕೆಳಗೆ ತಾತನ ಪುಸ್ತಕವೊಂದಿತ್ತು. ಓದು ಬಾರದ ವಸ್ತಾದರು ಅದಕ್ಕೆ ಕುಂಕುಮ ಇಡುತ್ತಿದ್ದರೇ ಹೊರತು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನನಗೆ ಕೊಟ್ಟರು. ಅಷ್ಟು ದೊಡ್ಡ ಮರ್ಯಾದೆ ನನಗೆ ಆಮೇಲೆ ಯಾರೂ ಮಾಡಿಲ್ಲ. ಅರ್ಧ ಗೆದ್ದಲು ತಿಂದಿದ್ದ ಆ ಪುಸ್ತಕದ ಕೊನೆಯ ಸಾಲು ಇಷ್ಟೇ: 'ಹನ್ನೆರಡು. ತೋಟದ ಕಲ್ಲಿನವನ ಹಾಗೆ.'

ಯಾವ ಕಲ್ಲೆಂದು ವಸ್ತಾದರಿಗೆ ಗೊತ್ತಿತ್ತು. ನೊಣವಿನಕೆರೆ ಹತ್ತಿರದ ಒಂದು ತೆಂಗಿನ ತೋಟದಲ್ಲಿ ವೀರಗಲ್ಲಿತ್ತು. ಬಸ್ಸಿಳಿದು ಹೋಗಿ ನೋಡಿದೆವು. ವೀರ ಸೊಂಟದಿಂದ ಮೇಲಕ್ಕೆ ಕಾಣುತ್ತಿದ್ದ. ಗುರಾಣಿ ತಲೆಯ ಮೇಲೆ, ಕತ್ತಿ ಪಕ್ಕೆಯ ಹತ್ತಿರ. ನಾನು ಚಿತ್ರ ಬರೆದುಕೊಂಡೆ.

ಗುರಾಣಿಗೆಂದು ಮನೆಯ ಮೊರಕ್ಕೆ ಗೋಣಿ ಸುತ್ತಿದಾಗ ನನ್ನ ಹೆಂಡತಿ, "ಏನ್ರೀ, ಯಾರ್ಗೆ ಬಾಗಿನ ಕೊಡಕ್ ಹೊಂಟ್ರಿ?" ಎಂದಳು. ಆ ಮೊರ ಹೊತ್ತು ಕಲ್ಲಿನವನ ಹಾಗೆ ನೆಟ್ಟಗೆ ನಿಂತೆ. ವಸ್ತಾದರ ಬೆತ್ತ ನೇರವಾಗಿ ನನ್ನ ಮೊಣಕಾಲಿಗೆ ಬಿತ್ತು. ಎರಡು ತಿಂಗಳು ಹೇಗೆ ನಿಂತರೂ ಅದೇ ಕಥೆ. ಶಾಲೆಯಲ್ಲಿ ಕುಂಟುತ್ತ ಡ್ರಿಲ್ ಮಾಡಿಸಿದೆ.

"ಇದು ಹೊಡಿಯೋ ವರಸೆ ಅಲ್ಲ, ಹೊಡಿಸ್ಕಳೋ ವರಸೆ. ಬುಡಿ ಮೇಷ್ಟ್ರೇ," ಎಂದರು ವಸ್ತಾದರು. ಅವರ ದನಿ ಕೇಳಿ ನನಗೆ ಸಂಕಟವಾಯಿತು.

ಬೇಸಿಗೆಯಲ್ಲಿ ಇನ್ನೊಂದು ಸಲ ನೋಡೋಣವೆಂದು ಬಲವಂತ ಮಾಡಿ ಕರೆದುಕೊಂಡು ಹೋದೆ. ಬತ್ತಿದ ಕೆರೆಯಿಂದ ಗೋಡು ತುಂಬಿದ ಗಾಡಿಗಳು ತೋಟಕ್ಕೆ ಬರುತ್ತಿದ್ದವು. ಆ ಕೆರೆಮಣ್ಣು ಬಿದ್ದರೆ ತೆಂಗು ಚೆನ್ನಾಗಿ ಹಿಡಿಯುತ್ತದೆಂದು ನಮ್ಮ ಕಡೆ ಎಲ್ಲರೂ ಹೊಡೆಸುತ್ತಾರೆ. ತೋಟದೊಡತಿ ಅಜ್ಜಿ ಅದನ್ನು ಹರಡಿಸುತ್ತ ನಿಂತಿದ್ದರು.

"ನಾನ್ ಮದ್ವೆಯಾಗಿ ಬಂದಾಗ ಈ ಅಪ್ಪ ನನ್ ಎದೆಮಟ್ಟ ಇದ್ದ ಕಣಪ್ಪ. ಗೋಡು ಹೊಡ್ಸಿ ಹೊಡ್ಸಿ ಹೂತೋದ."

"ಕೂತಿದ್ನಾ ಅಜ್ಜಿ, ನಿಂತಿದ್ನಾ?" ಎಂದೆ ನಾನು.

"ಅದ್ಯಾರ್ ನೋಡಿದ್ರು? ಅರಿಶ್ಣ ಹಚ್ಚಿ ಕೈ ಮುಗಿತಿದ್ವಿ."

ನನಗೆ ನನ್ನ ತಲೆಯನ್ನೇ ಚಚ್ಚಿಕೊಳ್ಳಬೇಕೆನ್ನಿಸಿತು. ನಮ್ಮಪ್ಪನ ತೋಟಕ್ಕೂ ವರ್ಷಕ್ಕೊಮ್ಮೆ ಗೋಡು ಹೊಡೆಸುತ್ತಿದ್ದೆವು!

ಅಗೆಯುತ್ತೇವೆ ಎಂದಾಗ ಅಜ್ಜಿಯ ಮುಖ ಬಿಗಿಯಿತು. ನಿಧಿಗಳ್ಳರು ಹೀಗೆಯೇ ಕೇಳಿಕೊಂಡು ಬರುತ್ತಾರಲ್ಲ. ವಸ್ತಾದರು ಮುಚ್ಚುಮರೆಯಿಲ್ಲದೆ, "ನಮ್ ತಾತ ನಂಗೊಂದು ಹೆಜ್ಜೆ ಹೇಳ್ಕೊಡ್ಲಿಲ್ಲ ಕಣವ್ವ. ಅದು ಈ ಮಣ್ಣಾಗೈತೆ," ಎಂದರು. ಅಜ್ಜಿ ಕರ್ಪೂರ ಹಚ್ಚಿ, ಗುದ್ದಲಿ ತಂದುಕೊಟ್ಟರು. ಆ ತಾಯಿಯ ಋಣ ನನ್ನ ಮೇಲಿದೆ.

ಎರಡು ಮೊಳ ತೋಡಿ ನೀರು ಹೊಯ್ದೆವು. ವೀರ ನಿಂತೇ ಇರಲಿಲ್ಲ. ಬಲಮಂಡಿ ನೆಲಕ್ಕೂರಿ, ಎಡಗಾಲು ಮಡಚಿ, ಇಡೀ ಮೈಯನ್ನು ಗುರಾಣಿಯ ಅಡಿಗೆ ತಂದುಕೊಂಡಿದ್ದ.

ವಸ್ತಾದರು ಎಡಗೈಯನ್ನು ತಲೆಯ ಮೇಲೆತ್ತಿ ಆ ಹಸಿ ಗೋಡಿನಲ್ಲೇ ಮಂಡಿಯೂರಿದರು. ಎದ್ದರು. ಮತ್ತೆ ಊರಿದರು. ಕೈಯಲ್ಲಿ ತಂಬಿಗೆ ಇರಲಿಲ್ಲ, ಅಷ್ಟೇ.

"ಮೊದಲ್ನೇ ದಿನಾನೇ ಕೊಟ್ಟಿದ್ದ ಕಣ್ರೀ ನಮ್ ತಾತ," ಎಂದವರು ಕೂತಲ್ಲೇ ಅತ್ತರು. "ಏಳು ವರ್ಷದ ಹುಡ್ಗ ನಾನು. ಎಲ್ಲಾಕಿಂತ ಮೊದ್ಲು ತಂಬ್ಗೆ ಹಿಡ್ಸಿ ಅದನ್ನೇ ಕೊಟ್ಟಿದ್ದ. ಐವತ್ತು ವರ್ಷ ಬಯ್ದೆನಲ್ಲಾ ಮೇಷ್ಟ್ರೇ."

ನಾನು ಅವರ ಮಂಡಿಯ ಮಣ್ಣು ಒರೆಸಿದೆ. ನನಗೂ ಅವರು ಮೊದಲ ದಿನವೇ ಅದನ್ನು ಕೊಟ್ಟಿದ್ದರು. ನಾನು ಒದ್ದೆ ಅಂಗಿಯಲ್ಲಿ ಅವರನ್ನು ಬೈದುಕೊಳ್ಳುತ್ತ ಮನೆಗೆ ಹೋಗಿದ್ದೆ.