ತಾಟು ಕಳಿಸಬೇಡಿ ಎಂದು ಬರೆದ ಮೇಲೆ

ನರಕ ಚತುರ್ದಶಿಯ ಮುಂಜಾನೆ. ನನ್ನ ಎಣ್ಣೆಸ್ನಾನ ಮುಗಿದಿತ್ತು. ಎರಡನೆಯ ಸಲದ ಚಹಾ ಕೈಯಲ್ಲಿತ್ತು. ಎದುರು ಮನೆಯ ತುಂಗಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತರು. ಒಂದೇ ಒಂದು ಪ್ರಶ್ನೆ ಕೇಳಿದರು.

"ಮಾಸ್ತರ, ಓಣ್ಯಾಗಿನವರಿಗೆಲ್ಲಾ ನನ್ನ ಮ್ಯಾಲ ಸಿಟ್ಟು ಬಂದದೇನ್ರಿ?"

ಇಪ್ಪತ್ತು ವರ್ಷದಿಂದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೇನೆ. ಇನ್ಸ್‌ಪೆಕ್ಟರ್ ಸಾಹೇಬರು ಕೇಳುವ ತಲೆಬುಡವಿಲ್ಲದ ಪ್ರಶ್ನೆಗಳಿಗೂ ನಿಂತ ಕಾಲ ಮೇಲೆ ಉತ್ತರ ಕೊಟ್ಟವನು ನಾನು. ತುಂಗಕ್ಕನ ಪ್ರಶ್ನೆ ಕೇಳಿ ಮಾತ್ರ ಕೈಯಲ್ಲಿದ್ದ ಚಹಾ ಕೆಳಗಿಟ್ಟೆ. ಅವರ ಮೇಲೆ ಸಿಟ್ಟು ಯಾರಿಗೂ ಇರಲಿಲ್ಲ. ತಪ್ಪು ನನ್ನದು. ಅದೂ ಬಾಯಿತಪ್ಪಿ ಆಡಿದ್ದಲ್ಲ, ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದ್ದು.

ಎಲ್ಲಿ ಅಂತೀರಿ? ಇದೇ ಕಾಲಮ್ಮಿನಲ್ಲಿ.

ನೆನಪಿದೆಯಲ್ಲ? ಹಬ್ಬದ ಮುಂಚಿನ ವಾರ ನಿಮಗೆಲ್ಲ ನಾನು ಬುದ್ಧಿ ಹೇಳಿದ್ದೆ. ಯುದ್ಧ ನಡೆದಿರುವುದು ಎಲ್ಲೋ ಸಮುದ್ರದಾಚೆ, ಆದರೆ ಸಕ್ಕರೆ ಕಾಣೆಯಾಗಿರುವುದು ಧಾರವಾಡದ ಅಂಗಡಿಗಳಲ್ಲಿ. ಸೀಮೆಎಣ್ಣೆಗೆ ಕ್ಯೂ. ಎಲ್ಲದಕ್ಕೂ ಕಂಟ್ರೋಲು. ಇಂಥ ಕಾಲದಲ್ಲಿ ಹಬ್ಬ ಮಾಡುವುದು ಹೇಗೆ ಅಂತ ಒಂದು ಲಿಸ್ಟು ಬರೆದಿದ್ದೆ. ಬಟ್ಟೆಗಾಗಿ ಹುಬ್ಬಳ್ಳಿಯ ದುರ್ಗದಬೈಲಿಗೆ ಓಡಬೇಡಿ, ಅಲ್ಲಿ ಗದ್ದಲದಲ್ಲಿ ನಾಲ್ಕು ಬೇಕಾದವನು ಎಂಟು ಕೊಂಡು ಬರುತ್ತಾನೆ. ಗರಗದ ಖಾದಿ ಇದೆ, ಒಂದೇ ಅಂಗಿ ಹೊಲಿಸಿ. ಫರಾಳದ ತಿಂಡಿ ಎರಡೇ ಬಗೆ ಸಾಕು. ಪಟಾಕಿ ಬೇಡ, ಪಕ್ಕದ ಮನೆಯವರದು ಹೇಗೂ ಕೇಳಿಸುತ್ತದೆ. (ಈ ಪಾಯಿಂಟಿಗೆ ಹಲವರು ನಕ್ಕರಂತೆ. ಸಂತೋಷ.)

ಕೊನೆಯ ಸಲಹೆ, ನಾನು ಬಹಳ ಹೆಮ್ಮೆಯಿಂದ ಬರೆದದ್ದು: ಈ ವರ್ಷ ಯಾರ ಮನೆಗೂ ಫರಾಳದ ತಾಟು ಕಳಿಸಬೇಡಿ.

ನಮ್ಮ ಮಾಳಮಡ್ಡಿಯಲ್ಲಿ ತಾಟಿನ ವ್ಯವಹಾರ ನಿಮಗೆ ಗೊತ್ತಿದ್ದದ್ದೇ. ನೀರು ತುಂಬುವ ಹಬ್ಬದ ಸಂಜೆಯಿಂದ ಸುರು. ಕ್ರೋಶಾದ ಬಟ್ಟೆ ಮುಚ್ಚಿದ ಒಂದು ತಾಟು ನಿಮ್ಮ ಮನೆಗೆ ಬರುತ್ತದೆ. ಅದನ್ನು ಖಾಲಿ ಮರಳಿಸುವಂತಿಲ್ಲ. ಅವರು ನಾಲ್ಕು ಬಗೆ ಇಟ್ಟಿದ್ದರೆ ನೀವು ಐದು ಇಡಬೇಕು. ಮರುವರ್ಷ ಅವರು ಆರು ಇಡುತ್ತಾರೆ. ಚಕ್ಕಲಿ, ಶಂಕರಪಾಳಿ, ಕರಚೀಕಾಯಿ, ಬೇಸನ್ ಉಂಡಿ, ಚೂಡಾ, ಅನಾರಸ. ಕೊನೆಗೆ ನಮ್ಮ ಚಕ್ಕಲಿ ಅವರ ಮನೆಯಲ್ಲಿ, ಅವರ ಚಕ್ಕಲಿ ನಮ್ಮ ಮನೆಯಲ್ಲಿ! ಇದರಿಂದ ಯಾರಿಗೆ ಏನು ಸಿಕ್ಕಿತು? ಹೆಣ್ಣುಮಕ್ಕಳಿಗೆ ಸೊಂಟನೋವು, ಎಣ್ಣೆ ಅಂಗಡಿಯವನಿಗೆ ವ್ಯಾಪಾರ. ಹೀಗೆಲ್ಲ ಬರೆದಿದ್ದೆ. ಈಗ ಓದಿದರೂ ತರ್ಕದಲ್ಲಿ ಒಂದು ತೂತೂ ಕಾಣುವುದಿಲ್ಲ.

ನನ್ನ ಹೆಂಡತಿ ಶಾಂತಾ ಮಾತ್ರ ಪ್ರೆಸ್ಸಿಗೆ ಹೋಗುವ ಮುಂಚೆಯೇ ಹೇಳಿದ್ದಳು. "ಎಲ್ಲಾ ಬರೀರಿ. ತಾಟಿಂದೊಂದು ಬರೀಬ್ಯಾಡ್ರಿ." ಯಾಕೆ ಅಂತ ಕೇಳಿದೆ. "ಯಾಕೋ ಸರಿ ಅನಸೂದಿಲ್ಲ" ಅಂದಳು. ಇದು ಕಾರಣವೇ? ಕಾರಣ ಇಲ್ಲದ ಮಾತಿಗೆ ನಾನು ಬೆಲೆ ಕೊಡುವವನಲ್ಲ. ಬರೆದೆ.

ಹಬ್ಬ ಬಂತು. ನೀರು ತುಂಬುವ ಹಬ್ಬದ ಸಂಜೆ ನಾನು ಕಟ್ಟೆಯ ಮೇಲೆ ಕೂತು ಓಣಿಯನ್ನು ನೋಡಿದೆ. ಒಂದು ತಾಟೂ ಹೊರಬೀಳಲಿಲ್ಲ. ಒಂದೇ ಒಂದೂ ಇಲ್ಲ! ಇಷ್ಟು ವರ್ಷ ಬರೆದಿದ್ದೇನೆ, ನನ್ನ ಮಾತನ್ನು ಜನ ಹೀಗೆ ಕೇಳಿದ್ದು ಇದೇ ಮೊದಲು. ಮೂಲೆಯ ಮನೆಯ ಅರಳೆ ವ್ಯಾಪಾರಿ ಶಿವಲಿಂಗಪ್ಪನವರು ಅಂಗಡಿಯಿಂದ ಬರುತ್ತಾ ನಿಂತು, "ಮಾಸ್ತರ, ಭಾಳ ಛಲೋ ಬರದ್ರಿ ನೋಡ್ರಿ. ನಮ್ಮನ್ಯಾಗ ಅರ್ಧ ಡಬ್ಬಿ ಎಣ್ಣಿ ಉಳೀತು" ಅಂದರು. ನಾನು ವಿನಯದಿಂದ ತಲೆ ಆಡಿಸಿದೆ. ಸುಳ್ಳೇಕೆ ಹೇಳಲಿ, ಎದೆ ಉಬ್ಬಿತ್ತು.

ಮರುದಿನ ಮುಂಜಾನೆ ತುಂಗಕ್ಕ ಬಂದರು.

ಅವರು ಬಂದದ್ದು ಹಿತ್ತಲಿಗೆ, ಯಾಕೆಂದರೆ ಹಬ್ಬದ ದಿನ ಯಾರ ಮನೆಯ ಮುಂಬಾಗಿಲಿಗೂ ಹೋಗಬಾರದು ಅಂತ ಈ ವರ್ಷ ಅವರೇ ಹಾಕಿಕೊಂಡ ನಿಯಮ. ಅವರ ಯಜಮಾನರು ಶೇಷಗಿರಿರಾಯರು ಶ್ರಾವಣದಲ್ಲಿ ತೀರಿಕೊಂಡರು. ಹಿರಿಯರು ಹೋದ ವರ್ಷ ಆ ಮನೆಯಲ್ಲಿ ಹಬ್ಬಕ್ಕೆ ಒಲೆಯ ಮೇಲೆ ಬಾಣಲೆ ಏರುವುದಿಲ್ಲ. ಒಂದು ಚಕ್ಕಲಿಯನ್ನೂ ಕರಿಯುವುದಿಲ್ಲ. ಹಾಗಂತ ಆ ಮನೆಯವರು ಫರಾಳ ಇಲ್ಲದೆ ಇರಬೇಕೆ? ಇಲ್ಲ. ಓಣಿಯವರು ಕಳಿಸುತ್ತಾರೆ. ಎಲ್ಲರ ಮನೆಯ ಮೊದಲ ತಾಟು ಆ ಮನೆಗೆ ಹೋಗಬೇಕು. ಯಾರೂ ಹೇಳಿಕೊಟ್ಟದ್ದಲ್ಲ, ಯಾರೂ ಮರೆಯುವುದೂ ಇಲ್ಲ.

ನಾನು ಮರೆತಿದ್ದೆ. ರಾಯರ ಹೆಣಕ್ಕೆ ಹೆಗಲು ಕೊಟ್ಟವನು, ಹದಿಮೂರನೆಯ ದಿನದ ಊಟ ಉಂಡು ಬಂದವನು, ತಾಟು ಯಾರಿಗೂ ಬೇಡ ಅಂತ ಬರೆಯುವಾಗ ಎದುರು ಮನೆಯನ್ನು ಮರೆತಿದ್ದೆ. ನಮ್ಮ ಮುಂಬಾಗಿಲು ತೆಗೆದರೆ ಕಾಣುವುದೇ ಆ ಮನೆ.

"ಸಿಟ್ಟು ಯಾರಿಗೂ ಇಲ್ಲ ತುಂಗಕ್ಕ" ಅಂದೆ. "ನಾನs ಪೇಪರಿನ್ಯಾಗ ಬರದಿದ್ದೆ. ಈ ವರ್ಷ ಯಾರೂ ತಾಟು ಕಳಸಬ್ಯಾಡ್ರಿ ಅಂತ."

ತುಂಗಕ್ಕನಿಗೆ ಓದು ಬರುವುದಿಲ್ಲ. ನಾನು ವಾರವಾರ ಏನು ಬರೆಯುತ್ತೇನೆ ಅನ್ನುವುದು ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದೆ ಅವರಿಗೇನೂ ನಷ್ಟವಾಗಿರಲಿಲ್ಲ. ಈ ವಾರದವರೆಗೆ.

"ಅಯ್ಯ, ಅಷ್ಟೇನ್ರಿ!" ಅಂದು ನಕ್ಕುಬಿಟ್ಟರು. "ನಾ ಏನರ ತಪ್ಪು ಮಾತಾಡೇನೇನೋ, ಯಾರ ಮನಸ್ಸು ನೋಯಿಸೇನೇನೋ ಅಂತ ನಿನ್ನಿ ಸಂಜಿಯಿಂದ ಎದಿ ಹೊಡಕೊಳ್ಳಾಕತ್ತಿತ್ತು. ಪೇಪರಿಂದ ಆಗಿದ್ದು ಅಂದ್ರ ಏನೂ ಇಲ್ಲ ಬಿಡ್ರಿ."

ಬೈದಿದ್ದರೆ ಚೆನ್ನಾಗಿತ್ತು.

ಹೊರಡುವ ಮುಂಚೆ ಶಾಂತಾಳ ಹತ್ತಿರ ಇನ್ನೊಂದು ಮಾತು ಅಂದರು, ಸುಮ್ಮನೆ ಹೇಳಿದ ಹಾಗೆ. "ಇವತ್ತ ಹನ್ನೊಂದರ ಗಾಡಿಗೆ ಅಳಿಯಂದ್ರು ಇಂದೂನ ಕರಕೊಂಡು ಬರಾಕತ್ತಾರ. ಲಗ್ನ ಆದ ಮ್ಯಾಲ ಮೊದಲನೇ ದೀಪಾವಳಿ. ಆರತಿ ಇಲ್ಲ, ಉಡುಗೊರಿ ಇಲ್ಲ, ಅದು ಅವ್ರಿಗೂ ತಿಳಿತದ. ಚಹಾದ ಜೋಡಿ ಏನರ ಇಡಬೇಕಲ್ಲವಾ ಶಾಂತಾ? ಓಣ್ಯಾಗಿನ ತಾಟು ಬಂದೇ ಬರ್ತಾವ ಅಂತ ಸುಮ್ನಿದ್ದೆ. ಇರಲಿ, ಬಾಳಿಹಣ್ಣವ."

ಹೊಸ ಅಳಿಯ, ಮೊದಲ ದೀಪಾವಳಿ, ಮುಂದೆ ಬಾಳೆಹಣ್ಣು! ಅಂಗಡಿಯಿಂದ ತರಿಸಿ ಇಡುವುದು ಮಡಿಯ ಆ ಮನೆಯಲ್ಲಿ ಆಗದ ಮಾತು. ಅಳಿಯ ಏನೂ ಅನ್ನಲಿಕ್ಕಿಲ್ಲ. ಆದರೆ ಅಪ್ಪ ಇಲ್ಲದ ತವರಿಗೆ ಮೊದಲ ಸಲ ಹಬ್ಬಕ್ಕೆ ಬರುವ ಅವರ ಮಗಳು ಇಂದೂಗೆ ಹೇಗನ್ನಿಸೀತು? ಅಪ್ಪ ಹೋದ ಮೂರು ತಿಂಗಳಿಗೆ ಓಣಿಯೂ ನಮ್ಮನ್ನು ಬಿಟ್ಟಿತು ಅಂದುಕೊಳ್ಳುವುದಿಲ್ಲವೆ?

ಗಡಿಯಾರ ನೋಡಿದೆ. ಒಂಬತ್ತು. ಚಪ್ಪಲಿ ಮೆಟ್ಟಿ ಟೊಪ್ಪಿಗೆ ಇಟ್ಟುಕೊಂಡೆ.

"ಎಲ್ಲಿಗೆ ಹೊಂಟ್ರಿ?" ಶಾಂತಾ ಕೇಳಿದಳು.

"ಮನಿ ಮನಿಗೆ ಹೋಗಿ ಹೇಳ್ತೇನಿ. ನಾ ಬರದದ್ದು ತಪ್ಪಾತು, ತುಂಗಕ್ಕನ ಮನಿಗೆ ತಾಟು ಕಳಸ್ರಿ ಅಂತ."

"ಕೂಡ್ರಿ ಸುಮ್ನ" ಅಂದಳು. "ನೀವು ಹೋಗಿ ಕೇಳಿದ ಮ್ಯಾಲ ಬಂದದ್ದು ತಾಟು ಹೆಂಗಾಗ್ತದ? ಭಿಕ್ಷಾ ಆಗ್ತದ. ನಾಳಿ ಅದು ತುಂಗಕ್ಕನ ಕಿವಿಗೆ ಬಿದ್ರ ಆಕಿ ಎದಿ ಒಡೀತದ."

ನಿಜ. ಕಾರಣ ಇದ್ದ ಮಾತು. ಚಪ್ಪಲಿ ಬಿಟ್ಟೆ.

"ಅಲ್ಲಾ, ನೀನರ ಯಾಕ ಕಳಸಲಿಲ್ಲ?" ಅಂತ ತಿರುಗಿಸಿ ಕೇಳಿದೆ. (ಗಂಡಸರಿಗೆ ಈ ಪ್ರಶ್ನೆ ಎಂಥ ಹೊತ್ತಿನಲ್ಲೂ ಹೊಳೆಯುತ್ತದೆ.)

"ಗಂಡ ಬ್ಯಾಡ ಅಂತ ಪೇಪರಿನ್ಯಾಗ ಬರದಾನ, ಹೆಂಡ್ತಿ ತಾಟು ಹಿಡಕೊಂಡು ಹೊಂಟಾಳ ಅಂತ ಮಂದಿ ನಗೂದಿಲ್ಲೇನು? ನಿಮ್ಮ ಮರ್ಯಾದಿ ಕಾಯಾಕ ಹೋದೆ. ಮತ್ತ, ನಾ ಕಳಸದಿದ್ರೂ ಕುಲಕರ್ಣಿಯವರ ಮನಿಯಿಂದ ಹೋಗಿರ್ತದ ಅಂದುಕೊಂಡೆ."

ಕುಲಕರ್ಣಿಯವರ ಮನೆಯವರು ದೇಶಪಾಂಡೆಯವರ ಮನೆಯಿಂದ ಹೋಗಿರುತ್ತದೆ ಅಂದುಕೊಂಡಿದ್ದರಂತೆ. ದೇಶಪಾಂಡೆಯವರು ನಮ್ಮ ಮನೆಯಿಂದ. ಇದೆಲ್ಲ ಆಮೇಲೆ ತಿಳಿದದ್ದು.

ಶಾಂತಾ ಒಳಗೆ ಹೋದಳು. ದೊಡ್ಡ ಹಿತ್ತಾಳೆ ತಾಟು ತೆಗೆದಳು. ನನ್ನ ಸಲಹೆಯ ಪ್ರಕಾರ ನಮ್ಮ ಮನೆಯಲ್ಲಿದ್ದದ್ದು ಎರಡೇ ಬಗೆ, ಚೂಡಾ ಮತ್ತು ಬೇಸನ್ ಉಂಡಿ. ಎರಡನ್ನೂ ತುಂಬ ಇಟ್ಟಳು. ತವರಿನಿಂದ ತಂದ ಕ್ರೋಶಾದ ಬಟ್ಟೆ ಮುಚ್ಚಿದಳು. ಸೀರೆ ಬದಲಿಸಿ ಕುಂಕುಮ ತಿದ್ದಿಕೊಂಡು ಮುಂಬಾಗಿಲಿನಿಂದ ಹೊರಬಿದ್ದಳು.

ಎದುರು ಮನೆ ಹತ್ತು ಹೆಜ್ಜೆ. ಆದರೆ ಈಕೆ ನೆಟ್ಟಗೆ ದಾಟಲಿಲ್ಲ! ಎಡಕ್ಕೆ ತಿರುಗಿ ಓಣಿಯ ತುದಿಯ ಬಾವಿಯವರೆಗೆ ಹೋದಳು. ಅಲ್ಲಿಂದ ಓಣಿಯ ನಟ್ಟನಡುವೆ, ತಾಟನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ನಿಧಾನವಾಗಿ ತಿರುಗಿ ಬಂದಳು. ಒಂದು ಮನೆಯ ಕಿಟಕಿ ತೆರೆಯಿತು. ಇನ್ನೊಂದು ಬಾಗಿಲಲ್ಲಿ ಒಂದು ತಲೆ ಕಂಡಿತು. ಅವಳು ಯಾರನ್ನೂ ನೋಡಲಿಲ್ಲ, ಯಾರಿಗೂ ಏನೂ ಹೇಳಲಿಲ್ಲ. ತುಂಗಕ್ಕನ ಮನೆಯ ಮೆಟ್ಟಿಲು ಹತ್ತಿದಳು.

ಶಿವಲಿಂಗಪ್ಪನವರು ತಮ್ಮ ಕಟ್ಟೆಯಿಂದಲೇ ಕೂಗಿದರು. "ಏನ್ರಿ ಮಾಸ್ತರ, ನಿಮ್ಮ ಮನಿಯವರು ಪೇಪರ ಓದೂದಿಲ್ಲೇನ್ರಿ?"

"ಓದ್ತಾರ್ರಿ" ಅಂದೆ. "ಅದಕ್ಕs ಹೊಂಟಾರ."

ಅವರು ನಗುತ್ತಾ ಎದುರು ಮನೆಯ ಕಡೆ ನೋಡಿದರು. ನಗು ನಿಂತಿತು. "ಅಯ್ಯೋ ಶಿವನ, ರಾಯರು ಹೋದ ವರ್ಷ ಇದು!" ಅಂದು ಎದ್ದು ಒಳಗೆ ಹೋದರು. ತುಂಗಕ್ಕನ ಮನೆಯಲ್ಲಿ ಮಡಿ ಹೆಚ್ಚು, ಇವರ ಮನೆಯಲ್ಲಿ ಕರಿದದ್ದು ಅಲ್ಲಿ ನಡೆಯುವುದಿಲ್ಲ. ಅದು ಅವರಿಗೂ ಗೊತ್ತು. ಐದು ನಿಮಿಷಕ್ಕೆ ಅವರ ಮನೆಯಿಂದ ಒಂದು ತಾಟು ಹೊರಟಿತು. ಅದರಲ್ಲಿ ತೆಂಗಿನಕಾಯಿ, ಕಲ್ಲುಸಕ್ಕರೆ, ಒಣದ್ರಾಕ್ಷಿ.

ಆಮೇಲೆ ಕುಲಕರ್ಣಿಯವರ ಮನೆಯಿಂದ ಚಕ್ಕಲಿ. ದೇಶಪಾಂಡೆಯವರ ಮನೆಯಿಂದ ಕರಚೀಕಾಯಿ. ಅನಾರಸ ಯಾರ ಮನೆಯದೋ ನಾನು ನೋಡಲಿಲ್ಲ. ಎರಡಕ್ಕಿಂತ ಹೆಚ್ಚು ಬಗೆ ಮಾಡಿಲ್ಲ ಅಂತ ಎಲ್ಲರೂ ನನ್ನೆದುರು ಹೇಳಿದ್ದರು, ನೋಡಿದರೆ ಎಲ್ಲರ ಮನೆಯಲ್ಲೂ ಎಲ್ಲವೂ ಇತ್ತು! ಹತ್ತೂವರೆಯ ಹೊತ್ತಿಗೆ ತುಂಗಕ್ಕನ ಪಡಸಾಲೆಯಲ್ಲಿ ಒಂಬತ್ತು ತಾಟುಗಳು ಕೂತಿದ್ದವು. ಹನ್ನೊಂದು ಗಂಟೆ ಕಳೆದು ಟಾಂಗಾ ಬಂದು ನಿಂತಿತು. ಇಂದು ಇಳಿದಳು, ಹಿಂದೆ ಅಳಿಯ.

ಮುಂದಿನದನ್ನು ಶಾಂತಾ ಬಂದು ಹೇಳಿದ್ದು. ಅಳಿಯ ಗಾಬರಿಯಾಗಿ, "ಅತ್ತಿಯವರ, ಈ ವರ್ಷ ನೀವು ಮಾಡಬಾರದಲ್ಲರಿ?" ಅಂದನಂತೆ. ತುಂಗಕ್ಕ, "ನಾ ಎಲ್ಲಿ ಮಾಡೇನ್ರಿ, ಓಣಿ ಮಾಡ್ಯದ. ತಗೋರಿ" ಅಂದರಂತೆ. ಮಗಳು ಮಾತ್ರ ಏನೂ ತಿನ್ನದೆ ಒಂದೊಂದೇ ತಾಟಿನ ಬಟ್ಟೆ ಸರಿಸಿ ಇದು ಯಾರ ಮನೆಯದು, ಇದು ಯಾರ ಮನೆಯದು ಅಂತ ಕೇಳಿ, ಎಲ್ಲ ಕೇಳಿದ ಮೇಲೆ ಅತ್ತಳಂತೆ. ನಾನು ಪೇಪರು ಮುಖಕ್ಕೆ ಅಡ್ಡ ಹಿಡಿದೆ.

ಈಗ ಲೆಕ್ಕಕ್ಕೆ ಬರೋಣ. ಖಾದಿಯ ಬಗ್ಗೆ ಬರೆದದ್ದನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ದುರ್ಗದಬೈಲಿನ ಗದ್ದಲಕ್ಕೆ ಈಗಲೂ ನನ್ನ ವಿರೋಧವಿದೆ. ಐದಕ್ಕೆ ಆರು ಬಗೆ ಇಡುವ ಜಿದ್ದು ಹುಚ್ಚು ಅನ್ನುವುದೂ ಖರೇ. ಖರ್ಚು ಕಡಿಮೆ ಮಾಡಿ ಅನ್ನುವುದು ಸುಲಭ. ಯಾವುದು ಖರ್ಚು ಅಂತ ತಿಳಿಯುವುದೇ ಕಷ್ಟ. ಹತ್ತು ತಾಟು ಸುಮ್ಮನೆ ಓಡಾಡುತ್ತವೆ ಅಂತ ನಾನು ತಿಳಿದಿದ್ದೆ. ಅವು ಓಡಾಡುತ್ತಾ ಇದ್ದದ್ದರಿಂದಲೇ ಎಲ್ಲಿಗೆ ಹೋಗಬೇಕಾಗಿತ್ತೋ ಅಲ್ಲಿಗೂ ಹೋಗುತ್ತಿದ್ದವು, ಯಾರಿಗೂ ತಾನು ಬೇಡಿದೆ ಅನ್ನಿಸದ ಹಾಗೆ. ಆದ್ದರಿಂದ ಆ ಕೊನೆಯ ಸಲಹೆಯನ್ನು ದಯವಿಟ್ಟು ಹೊಡೆದುಹಾಕಿ.

ಬಾಣಲೆ ಏರದ ಮನೆಯಿಂದ ಆ ವರ್ಷ ತಾಟು ಮರಳುವುದಿಲ್ಲ. ಖಾಲಿ ಕೊಡುವಂತಿಲ್ಲ, ತುಂಬಿ ಕೊಡುವಂತಿಲ್ಲ. ನಮ್ಮ ಹಿತ್ತಾಳೆ ತಾಟು ಇನ್ನೊಂದು ವರ್ಷ ಎದುರು ಮನೆಯ ಗೂಡಿನಲ್ಲಿ ಇರುತ್ತದೆ, ಉಳಿದ ಎಂಟರ ಜೊತೆ. ನಿನ್ನೆ ತುಂಗಕ್ಕ ಹಿತ್ತಲಿನಿಂದಲೇ ಕೂಗಿ ಹೇಳಿದರು. "ಮಾಸ್ತರ, ಬರೋ ವರ್ಷ ಒಂಬತ್ತು ತಾಟು ತುಂಬೂದದ ನನಗ. ಆವಾಗ ಮತ್ತೇನರ ಬರದೀರಿ ಮತ್ತ!"

ಬರೆಯುವುದಿಲ್ಲ. ಕೇಳುವುದು ಮಾತ್ರ ಒಂದಿದೆ. ಹಬ್ಬದ ಹಿಂದಿನ ವಾರ ನನ್ನ ಕಾಲಂ ಓದಿ, ಭೇಷ್ ಅಂದು, ತಾಟು ಕಳಿಸದೆ ಕೂತ ಓಣಿ ನಮ್ಮದೊಂದೇ ಇರಲಿಕ್ಕಿಲ್ಲ. ನಿಮ್ಮ ಓಣಿಯಲ್ಲಿ ಈ ವರ್ಷ ಬಾಣಲೆ ಏರದ ಮನೆ ಯಾವುದು?