ಒರೆಸಿದ ಲಾಳಿಕೆ

ಶಾಲೆಯ ಲ್ಯಾಬ್ ಅಟೆಂಡರಿಗೆ ಊರವರು ಇಟ್ಟ ಹೆಸರು ಮಳೆಯಕ್ಕ. ಚಾವಣಿಯ ಮೇಲೊಂದು ಕಂಬ, ಕಂಬದ ತುದಿಗೆ ಬಿಳಿ ಲಾಳಿಕೆ, ಲಾಳಿಕೆಯ ಕೆಳಗೊಂದು ಬಾಟಲಿ. ಮಳೆ ಬಂದ ಮರುದಿನ ಬೆಳಗ್ಗೆ ಅವಳು ಏಣಿ ಹತ್ತಿ ಬಾಟಲಿ ಇಳಿಸಿ, ಆ ನೀರಿಗೆ ಪಿಎಚ್ ಕಾಗದ ಅದ್ದಿ, ಕಾಗದದ ಬಣ್ಣ ನೋಡಿ ಒಂದು ಪುಸ್ತಕದಲ್ಲಿ ಅಂಕಿ ಬರೆಯಬೇಕು. ನೀರು ಹುಳಿಯಾದಷ್ಟೂ ಕಾಗದ ಕೆಂಪಾಗುತ್ತದೆ, ಅಂಕಿ ಇಳಿಯುತ್ತದೆ. ಗುಡ್ಡದಾಚೆ ತಾಮ್ರದ ಗಣಿ ಶುರುವಾದ ವರ್ಷ ವಿಜ್ಞಾನದ ಹಳೆಯ ಮೇಷ್ಟ್ರು ಹಚ್ಚಿಕೊಟ್ಟ ಕೆಲಸ ಅದು. ಅದೇ ವರ್ಷ ಮೇಷ್ಟ್ರು ನಿವೃತ್ತರಾದರು, ಕೆಲಸ ಮಾತ್ರ ನಿಲ್ಲಲಿಲ್ಲ. ಒಂಬತ್ತು ವರ್ಷ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಳೆ ಕಾದಳು.

ಮಳೆಯಕ್ಕನಿಗೆ ಇದ್ದ ಒಂದೇ ಚಟವೆಂದರೆ ಒರೆಸುವುದು. ಮಾತಾಡುತ್ತ ಮಾತಾಡುತ್ತ ಎದುರಿಗಿದ್ದವರ ಮೇಜನ್ನೂ ಒರೆಸಿಬಿಡುವ ಹೆಂಗಸು. ಅವಳು ಒರೆಸಿದ ಗಾಜಿನ ಮೇಲೆ ಕೂರುವುದಕ್ಕೆ ನೊಣವೂ ಅಪ್ಪಣೆ ಕೇಳಬೇಕು ಎಂದು ಶಾಲೆಯಲ್ಲಿ ತಮಾಷೆ ಮಾಡುತ್ತಿದ್ದರು. ಅಂಥವಳಿಗೆ ಮೇಷ್ಟ್ರು ಹೋಗುವಾಗ, "ಲಾಳಿಕೆ ಶುಚಿಯಾಗಿರಬೇಕು ಕಣಮ್ಮ, ಮರೀಬೇಡ," ಎಂದಿದ್ದರು. ಬಾಟಲಿ ಇಳಿಸಿದ ಮೇಲೆ ಒಮ್ಮೆ ತೊಳೆದಿಡು ಎಂಬುದು ಅವರ ಮನಸ್ಸಿನಲ್ಲಿದ್ದ ಮಾತು. ಅವಳು ಮಳೆ ಬರಲಿ ಬಿಡಲಿ, ದಿನಾ ಬೆಳಗ್ಗೆ ಏಣಿ ಹತ್ತಿ ಬಿಳಿ ಬಟ್ಟೆಯಿಂದ ಲಾಳಿಕೆಯನ್ನು ಫಳಫಳ ಒರೆಸಿದಳು. ಆಮೇಲೆ ಬಟ್ಟೆಯನ್ನು ಸೋಪು ಹಾಕಿ ಒಗೆದು ಒಣಹಾಕಿದಳು. ಇದನ್ನು ಮಾಡು ಎಂದವರಿಲ್ಲ, ಬೇಡ ಎಂದವರೂ ಇಲ್ಲ.

ಅವಳ ಗಂಡ ಆ ಗಣಿಯಲ್ಲೇ ಕಲ್ಲು ಪುಡಿ ಮಾಡುವ ಯಂತ್ರದ ಹತ್ತಿರ ಕೆಲಸಕ್ಕಿದ್ದ. ಮನೆಗೆ ಅವನಿಗಿಂತ ಮೊದಲು ಅವನ ಕೆಮ್ಮು ಬರುತ್ತಿತ್ತು.

"ಸಿಗರೇಟು ಸೇದಿದ್ರಲ್ಲ, ಅನುಭವಿಸಿ," ಎನ್ನುತ್ತಿದ್ದಳು.

"ಬಿಟ್ಟು ಆರು ವರ್ಷ ಆಯ್ತಲ್ಲೇ!"

"ಮತ್ತಿನ್ನೇನು? ಗಾಳಿ ಚೆನ್ನಾಗೇ ಇದೆ. ನನ್ನ ಪುಸ್ತಕದಲ್ಲೇ ಇದೆ."

"ನಿನ್ನ ಪುಸ್ತಕಕ್ಕೆ ಗೊತ್ತು, ನನ್ನ ಎದೆಗೆ ಗೊತ್ತಿಲ್ಲ, ಅಷ್ಟೇ," ಎಂದು ಅವನು ನಕ್ಕು ಮತ್ತೆ ಕೆಮ್ಮುತ್ತಿದ್ದ.

ಆ ಪುಸ್ತಕಕ್ಕೆ ಮೊದಲ ಸಲ ಬೆಲೆ ಬಂದದ್ದು ಗಣಿಯ ಅಧಿಕಾರಿ ಶಾಲೆಗೆ ಬಂದಾಗ. ಕಲ್ಲು ಪುಡಿ ಮಾಡುವ ಇನ್ನೊಂದು ಯಂತ್ರವನ್ನು ಶಾಲೆಯ ಹಿಂದಿನ ಗೋಡೆಗೆ ಒತ್ತಿಕೊಂಡೇ ಹಾಕುವ ಯೋಜನೆ ಅವರದು. ಅದಕ್ಕೆ ಜನರ ಮುಂದೆ ವಿಚಾರಣೆ ನಡೆಯಬೇಕು. ಒಂಬತ್ತು ವರ್ಷದ ಅಂಕಿಗಳನ್ನೆಲ್ಲ ಅವರು ಅಂದವಾಗಿ ಟೈಪ್ ಮಾಡಿಸಿ ತಂದಿದ್ದರು. ಮಳೆನೀರು ಚೆನ್ನಾಗಿದೆ, ಗಣಿಯ ಧೂಳು ಇಲ್ಲಿಗೆ ಮುಟ್ಟುತ್ತಿಲ್ಲ ಎಂದು ಕೆಳಗೆ ಎರಡು ಸಾಲು. "ನಿಮ್ಮಂಥ ಅಚ್ಚುಕಟ್ಟಿನವರನ್ನ ನಾನು ನೋಡೇ ಇಲ್ಲಮ್ಮ. ವಿಚಾರಣೆ ದಿನ ಎಲ್ಲರ ಮುಂದೆ ಒಂದು ಸಹಿ ಹಾಕಿಬಿಡಿ," ಎಂದರು. ಮಳೆಯಕ್ಕ ಉಬ್ಬಿಹೋದಳು. ಯಾರಿಗೂ ಬೇಡವಾಗಿದ್ದ ಪುಸ್ತಕವನ್ನು ಒಬ್ಬರು ಓದಿದರಲ್ಲ! ಹಾಕುತ್ತೇನೆ ಎಂದು ಒಪ್ಪಿಕೊಂಡಳು.

ಮರುದಿನ ಬೆಳಗ್ಗೆ ಲಾಳಿಕೆ ಒರೆಸುವಾಗಲೇ ಅವಳಿಗೆ ಚಳಿ ಹತ್ತಿತು. ಬಟ್ಟೆಯನ್ನು ಒಗೆಯದೆ ಲ್ಯಾಬಿನ ಮೊಳೆಗೆ ಸಿಕ್ಕಿಸಿ ಮನೆಗೆ ಹೋದವಳು ಐದು ದಿನ ಜ್ವರದಲ್ಲಿ ಬಿದ್ದಿದ್ದಳು. ಐದನೆಯ ದಿನ ಸಂಜೆ ಮಳೆ ಬಂತು. ಆರನೆಯ ದಿನ ಏಣಿ ಹತ್ತಿದಳು. ಲಾಳಿಕೆಯ ಅಂಚಿಗೆ ಬೂದುಬಣ್ಣದ ಕೆಸರು ಮೆತ್ತಿತ್ತು. ಬಾಟಲಿ ಇಳಿಸಿ ಕಾಗದ ಅದ್ದಿದರೆ ಕಾಗದ ಕೆಂಪಗೆ ತಿರುಗಿತು.

ಕಾಗದ ಹಳೆಯದಾಗಿರಬೇಕು ಎಂದುಕೊಂಡು ಹೊಸ ಡಬ್ಬಿ ಒಡೆದಳು. ಮತ್ತೆ ಕೆಂಪು. ನಲ್ಲಿಯ ನೀರಿಗೆ ಅದ್ದಿ ನೋಡಿದರೆ ಕಾಗದ ಸರಿಯಾಗಿಯೇ ಇದೆ. ಆಗ ಅವಳ ಕಣ್ಣು ಮೊಳೆಯಲ್ಲಿ ನೇತಾಡುತ್ತಿದ್ದ ಬಟ್ಟೆಯ ಮೇಲೆ ಬಿತ್ತು. ಲೋಟದಲ್ಲಿ ಶುದ್ಧ ನೀರು ತೆಗೆದುಕೊಂಡು ಆ ಬಟ್ಟೆಯನ್ನು ಅದರಲ್ಲಿ ನೆನೆಸಿ ಹಿಂಡಿ, ಕಾಗದ ಅದ್ದಿದಳು. ಅದೂ ಕೆಂಪಾಯಿತು. ಒಂಬತ್ತು ವರ್ಷದ ಧೂಳನ್ನು ಅವಳು ತನ್ನ ಕೈಯಾರೆ ಒರೆಸಿ, ಸೋಪು ಹಾಕಿ ಚರಂಡಿಗೆ ಬಿಟ್ಟಿದ್ದಳು.

ವಿಜ್ಞಾನದ ಹೊಸ ಮೇಡಂ ಇದನ್ನು ಕೇಳಿದ ಕೂಡಲೇ ತಾವೂ ಕಾಗದ ಅದ್ದಿ ನೋಡಿದರು. "ಗಣಿ ಕಲ್ಲಲ್ಲಿ ಗಂಧಕ ಇದೆ ಅಕ್ಕ. ಧೂಳು ನೆನೆದ್ರೆ ನೀರು ಹುಳಿಯಾಗುತ್ತೆ. ಮಳೆ ಇಲ್ಲದ ದಿನ ಗಾಳಿಯಿಂದ ಬಂದು ಕೂರೋ ಧೂಳೂ ಲೆಕ್ಕಕ್ಕೆ ಬರಬೇಕಿತ್ತು. ನೀವು ಅದನ್ನೇ..." ಎಂದವರು ದನಿ ತಗ್ಗಿಸಿ, "ಸಹಿ ಹಾಕಬೇಡಿ, ಸಾಕು. ಒರೆಸಿದ ವಿಷಯ ಯಾಕೆ ಬಾಯಿ ಬಿಡಬೇಕು? ನಿಮ್ಮ ಹೆಸರು ಹಾಳಾಗುತ್ತೆ," ಎಂದರು.

"ನಾನು ಬಾಯಿ ಮುಚ್ಚಿಕೊಂಡ್ರೂ ಪುಸ್ತಕ ಮಾತಾಡುತ್ತಲ್ಲ ಮೇಡಂ? ಅವರಿಗೆ ಅಷ್ಟೇ ಸಾಕು," ಎಂದಳು ಮಳೆಯಕ್ಕ.

ಆ ಸಂಜೆ ಗಂಡನ ಎದುರು ಕೂತು ಎಲ್ಲ ಹೇಳಿದಳು. ಅವನು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳು ನಗದೇ ಇದ್ದದ್ದು ನೋಡಿ ನಗು ನಿಲ್ಲಿಸಿದ.

"ಒಂಬತ್ತು ವರ್ಷ ನಿಮ್ಮ ಕೆಮ್ಮಿಗೆ ನಿಮ್ಮನ್ನೇ ಬೈದೆ," ಎಂದಳು. ಅವಳಿಗೆ ಅಳು ಬಂತು. ಅತ್ತಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ನಾನು ಎದ್ದು ಹೇಳಿದ್ರೆ ನಿಮ್ಮ ಕೆಲಸಕ್ಕೆ ಸಂಚಕಾರ ಬರಬಹುದು," ಎಂದಳು.

ಅವನು ಕೆಮ್ಮಿ, ಎದೆ ನೀವಿಕೊಂಡ. "ಬಂದ್ರೆ ಬರಲಿ. ಶಾಲೆ ಗೋಡೆಗೆ ಅದನ್ನ ಹಾಕಿದ್ರೆ ಮಕ್ಕಳು ಏನಾಗ್ತಾರೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೇಳು ಹೋಗು."

ವಿಚಾರಣೆಯ ದಿನ ಶಾಲೆಯ ಹಾಲ್‌ನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಗಣಿಯ ಅಧಿಕಾರಿ ಪುಸ್ತಕವನ್ನು ಎತ್ತಿ ತೋರಿಸಿ ಮಳೆಯಕ್ಕನನ್ನು ಬಾಯ್ತುಂಬ ಹೊಗಳಿ, ಪೆನ್ನು ಕೊಟ್ಟರು. ಅವಳು ಟೈಪ್ ಮಾಡಿದ ಹಾಳೆಯನ್ನು ಪಕ್ಕಕ್ಕೆ ಸರಿಸಿ, ತನ್ನ ಪುಸ್ತಕದ ಮೊದಲ ಪುಟ ತೆರೆದು ನಿಧಾನವಾಗಿ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು: "ಇದು ದಿನಾ ಒರೆಸಿದ ಲಾಳಿಕೆಯ ಲೆಕ್ಕ. ಒರೆಸಿದವಳು ನಾನು. ಇದರಿಂದ ಗಾಳಿ ಚೆನ್ನಾಗಿದೆ ಎಂದು ಯಾರೂ ಹೇಳಬಾರದು." ಅದರ ಕೆಳಗೆ ಸಹಿ ಹಾಕಿದಳು.

"ಅಂದ್ರೆ ಒಂಬತ್ತು ವರ್ಷ ಸುಳ್ಳು ಬರೆದ್ರಾ?" ಅಧಿಕಾರಿಯ ದನಿ ಏರಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವಮಾನದಿಂದ ಅವಳ ಕಿವಿ ಬಿಸಿಯಾಯಿತು. ಆದರೂ ಕೂರಲಿಲ್ಲ.

"ಸುಳ್ಳಲ್ಲ ಸಾರ್, ತಪ್ಪು. ತಪ್ಪು ನಂದು, ಧೂಳು ನಿಮ್ಮದು. ಎರಡು ಲಾಳಿಕೆ ಇಡಿ. ಒಂದನ್ನ ಒರೆಸ್ತೀನಿ, ಒಂದನ್ನ ಮುಟ್ಟಲ್ಲ. ಮಳೆಗಾಲ ಮುಗಿಯೋವರೆಗೂ ನೋಡಿ. ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ನಿಮ್ಮವರೊಬ್ಬರು ದಿನಾ ನನ್ನ ಜೊತೆ ಏಣಿ ಹತ್ತಲಿ."

ವಿಚಾರಣೆ ನಡೆಸಲು ಬಂದಿದ್ದ ಸರ್ಕಾರದ ಹಿರಿಯ ಅಧಿಕಾರಿಣಿ ಅವಳಿಂದ ಎಲ್ಲ ಕೇಳಿ ತಿಳಿದು, ಜ್ವರದ ದಿನದ ಬಾಟಲಿ ತರಿಸಿ, ಅದಕ್ಕೆ ಅದ್ದಿದ ಕಾಗದ ಕೆಂಪಾದದ್ದನ್ನು ಕಣ್ಣಾರೆ ನೋಡಿದರು. ಮಳೆಗಾಲದ ಲೆಕ್ಕ ಕೈಗೆ ಬರುವವರೆಗೆ ಗೋಡೆಯ ಹತ್ತಿರ ಒಂದು ಗುದ್ದಲಿಯೂ ಬೀಳಕೂಡದು ಎಂದು ಬರೆಸಿದರು. ಗೆದ್ದಂತೇನೂ ಅಲ್ಲ. ಮಳೆಗಾಲ ಇನ್ನೂ ಪೂರ್ತಿ ಮುಂದಿತ್ತು.

ಅಂದೇ ಚಾವಣಿಯ ಮೇಲೆ ಎರಡನೆಯ ಲಾಳಿಕೆಯನ್ನೂ ನಿಲ್ಲಿಸಿದರು. ಮರುದಿನ ಬೆಳಗ್ಗೆ ಅವಳು ಎಂದಿನಂತೆ ಬಟ್ಟೆ ಹಿಡಿದು ಏಣಿ ಹತ್ತಿದಳು. ಮುಟ್ಟಬಾರದ ಲಾಳಿಕೆಯ ಮೇಲೆ ಆಗಲೇ ತೆಳ್ಳಗೆ ಬೂದು ಕೂತಿತ್ತು. ಕೈ ತುರಿಸಿತು. ಒಂದೇ ಒಂದು ಸಲ ಹೀಗೆ ಎಳೆದರೆ ಸಾಕು, ಫಳಫಳ ಆಗುತ್ತಿತ್ತು. ಹಲ್ಲು ಕಚ್ಚಿಕೊಂಡು ಕೆಳಗಿಳಿದಳು.

ಶಾಲೆಯ ಗೇಟಿನ ಹತ್ತಿರ ಗಂಡ ಕೆಲಸಕ್ಕೆ ಹೊರಟು ನಿಂತಿದ್ದ. ಅವಳು ಲ್ಯಾಬಿನ ಪೆಟ್ಟಿಗೆಯಿಂದ ಒಂದು ಒಗೆದ ಬಿಳಿ ಬಟ್ಟೆ ತಂದು ಅವನ ಮೂಗು ಬಾಯಿ ಮುಚ್ಚುವಂತೆ ಕಟ್ಟಿ, ಹಿಂದೆ ಬಿಗಿಯಾಗಿ ಗಂಟು ಹಾಕಿದಳು.

"ಸಂಜೆ ಹಾಗೇ ತನ್ನಿ," ಎಂದಳು. "ಕೊಡವಬೇಡಿ, ಒಗೀಬೇಡಿ. ಅದನ್ನೂ ಬರೀಬೇಕು."